ಕನ್ನಪ್ಪನ ಮೆಚ್ಚುಗೆ

"ನಿಮ್ಮ ಭಾಷಣ ಬಾಳ ಕ್ರಿಂಜ್ ಆಗಿತ್ತು ಸಾರ್," ಎಂದು ಕನ್ನಪ್ಪ ಎದ್ದು ನಿಂತು ಕೈ ಮುಗಿದ.

ಹೊಸನಗರದ ಆ ಇಂಗ್ಲಿಷ್ ಶಾಲೆಯ ಸಭಾಂಗಣದಲ್ಲಿ ಪೋಷಕರೆಲ್ಲ ಗೊಳ್ಳೆಂದು ನಕ್ಕರು. ಮಕ್ಕಳ ಸುರಕ್ಷತೆಯ ಬಗ್ಗೆ ಅರ್ಧ ಗಂಟೆ ಮಾತಾಡಿ ಆಗಷ್ಟೇ ನೀರು ಕುಡಿಯುತ್ತಿದ್ದ ಪೋಷಕರ ಸಂಘದ ಅಧ್ಯಕ್ಷ ಕೃಷ್ಣಕುಮಾರ್ ಅವರ ಮುಖ ಕೆಂಪೇರಿತು. ಕನ್ನಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಹೊಗಳಿದರೆ ನಗುತ್ತಾರಲ್ಲ, ಇವರೆಂಥ ಜನ!

ಆ ಪದವನ್ನು ಅವನಿಗೆ ಕೊಟ್ಟವರು ಕೃಷ್ಣಕುಮಾರರೇ. ಶಾಲೆಯ ಬಸ್ಸು ತಮ್ಮೂರಿನ ತನಕ ಬರಲಿ ಎಂದು ಕನ್ನಪ್ಪ ದಿನಾ ಸಂಜೆ ನೆಟ್‌ವರ್ಕ್ ಸಿಗುವ ದಿಬ್ಬ ಹತ್ತಿ, ಆಚೆ ಗುಡ್ಡದವರನ್ನು ಕೂಗಿ ಕರೆಯುವ ದನಿಯಲ್ಲಿ ಪೋಷಕರ ವಾಟ್ಸಾಪ್ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕುತ್ತಿದ್ದ. ಅದರ ಕೆಳಗೆ ಅಧ್ಯಕ್ಷರು ಒಮ್ಮೆ 'ಕ್ರಿಂಜ್' ಎಂದು ಬರೆದರು. ಒಂಬತ್ತನೇ ಕ್ಲಾಸಿನ ಮಗಳು ದೀಪ್ತಿಯನ್ನು ಕೇಳಿದರೆ, "ಚಂದ ಮಾತಾಡ್ತೀಯ ಅಂತ ಅಪ್ಪ," ಎಂದಳು. ಕನ್ನಪ್ಪ 'ಥ್ಯಾಂಕ್ಸ್ ಸಾರ್' ಎಂದು ಉತ್ತರ ಕೊಟ್ಟ. ಊರಲ್ಲಿ ನಾಲ್ಕು ಜನರಿಗೆ ಹೇಳಿಕೊಂಡೂ ಬಂದ. ಮರುದಿನದಿಂದ ಅವನ ದನಿ ಇನ್ನಷ್ಟು ಏರಿತು.

ಈಗ ಮುಂದಿನ ಸಾಲಿನವರೊಬ್ಬರು ಮೊಬೈಲ್ ಎತ್ತಿ ವಿಡಿಯೋ ಶುರು ಮಾಡಿದರು. ಪಕ್ಕದಲ್ಲಿದ್ದ ದೀಪ್ತಿ ಎದ್ದು ಅಪ್ಪನ ತೋಳು ಹಿಡಿದಳು.

"ಅಪ್ಪ, ಕೂತ್ಕ. ನಾನು ಸುಳ್ಳು ಹೇಳಿದ್ದೆ. ಅದರ ಅರ್ಥ ಚಂದ ಅಂತ ಅಲ್ಲ. ಕೇಳೋರಿಗೇ ನಾಚ್ಕೆ ಆಗ್ತದೆ, ಅಷ್ಟು ಕೆಟ್ಟದಾಗಿದೆ ಅಂತ."

"ಸುಳ್ಳು ಎಂತಕ್ಕೆ ಹೇಳಿದ್ದು ಮಗಾ?"

"ನೀನು ಬೇಜಾರಾಗಿ ಮೆಸೇಜ್ ಹಾಕೋದು ಬಿಟ್ರೆ, ಬಸ್ ಕೇಳೋರು ಯಾರು?"

ಅವಳ ಕಣ್ಣು ತುಂಬಿತ್ತು. ಕನ್ನಪ್ಪನಿಗೆ ಆಗ ಎಲ್ಲ ಹೊಳೆಯಿತು. ಇಷ್ಟು ದಿನ ಇವರೆಲ್ಲ ತನ್ನ ದನಿ ಕೇಳಿ ನಗುತ್ತಿದ್ದರು, ಆ ನಗುವನ್ನೆಲ್ಲ ಈ ಹುಡುಗಿ ಒಬ್ಬಳೇ ನುಂಗಿಕೊಂಡಿದ್ದಳು.

ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿದವರಂತೆ ಕೈಯೆತ್ತಿದರು. "ಪರವಾಗಿಲ್ಲ ಬಿಡಿ ಕನ್ನಪ್ಪ. ಅರ್ಥ ಗೊತ್ತಿಲ್ದೆ ಹೇಳಿದ್ರಿ. ಕೂತ್ಕೊಳ್ಳಿ."

ಕನ್ನಪ್ಪ ಕೂರಲಿಲ್ಲ.

"ಹೌದು ಸಾರ್, ಗೊತ್ತಿಲ್ದೇ ಹೇಳಿದ್ದೆ. ಈಗ ಗೊತ್ತಾತು. ಮಕ್ಕಳ ಸುರಕ್ಷತೆ ಅಂತ ಅರ್ಧ ಗಂಟೆ ಮಾತಾಡಿದ್ರಿ. ನನ್ನ ಮಗಳು ದಿನಾ ಬಸ್ ಇಳಿದು ಮೂರು ಕಿಲೋಮೀಟರ್ ಕಾಡಲ್ಲಿ ಒಬ್ಳೇ ನಡೀತಾಳೆ. ನಾನು ಆಡಿದ ಮಾತು ವಾಪಸ್ ತಗಳಲ್ಲ."