ದಬ್ಬಣ ಕೊಟ್ಟ ಒಂದು ಸ್ಟಾರ್

"ಫೇಕ್ ಅಕೌಂಟ್ ಸಾರ್, ಕಣ್ಣು ಮುಚ್ಕೊಂಡು ಹೇಳ್ತೀನಿ. ದಬ್ಬಣ ಅಂತ ಯಾರಾದ್ರೂ ಹೆಸರಿಟ್ಕೋತಾರಾ?" ಎಂದು ಮಾರ್ಕೆಟಿಂಗ್ ಹುಡುಗಿ ಲ್ಯಾಪ್‌ಟಾಪನ್ನು ಸೋಫಾ ಮೇಸ್ತ್ರಿಯ ಕಡೆ ತಿರುಗಿಸಿದಳು. ಸಣ್ಣ ಅಂಗಡಿಗಳಿಗೆ ಆನ್‌ಲೈನಿನಲ್ಲಿ ಪ್ರಚಾರ ಮಾಡಿಕೊಟ್ಟು, ಅವುಗಳ ಹೆಸರು ಕೆಡದಂತೆ ಕಾಯುವ ಕಂಪನಿಯವಳು ಅವಳು. ಅಂಗಡಿಯಲ್ಲಿ ಖಾಲಿ ಮೇಜು ಸಿಗದೆ, ಬಟ್ಟೆ ಕಿತ್ತು ಬೆತ್ತಲೆ ನಿಲ್ಲಿಸಿದ್ದ ಒಂದು ಕುರ್ಚಿಯ ಮೇಲೆ ಹಲಗೆ ಹಾಕಿ ಲ್ಯಾಪ್‌ಟಾಪ್ ಇಟ್ಟಿದ್ದಳು.

ಪರದೆಯ ಮೇಲೆ ಒಂದೇ ಒಂದು ಸ್ಟಾರ್. ಕೆಳಗೆ ಮೂರು ಸಾಲು: "ಹೊರಗೆ ಹೊಸ ಬಟ್ಟೆ, ಒಳಗೆ ಹಳೇ ಪಟ್ಟಿ. ಆರು ತಿಂಗಳಲ್ಲಿ ಕುಸಿಯುತ್ತೆ. ನಂಬದವರು ಬಿಚ್ಚಿ ನೋಡಿ." ಬರೆದವರ ಮುಖವಿರಬೇಕಾದ ಜಾಗದಲ್ಲಿ ಗೋಣಿ ಹೊಲಿಯುವಂಥ ದಪ್ಪ ಸೂಜಿಯೊಂದರ ಚಿತ್ರ, ಅದರ ಬುಡಕ್ಕೆ ಸುತ್ತಿದ್ದ ಕೆಂಪು ದಾರ. ಮೇಸ್ತ್ರಿ ಪರದೆಯ ಹತ್ತಿರಕ್ಕೆ ಬಗ್ಗಿದ. ಆ ದಾರ ಸುತ್ತಿದವನು ಅವನೇ. ಚಿಕ್ಕವನಿದ್ದಾಗ, ಅಕ್ಕನ ಬೆರಳು ಜಾರದಿರಲಿ ಎಂದು ಸುತ್ತಿಕೊಟ್ಟಿದ್ದ. ಅಕ್ಕನ ನಾಲಿಗೆಯ ಚೂಪು ನೋಡಿ ಅಪ್ಪ ಇಟ್ಟಿದ್ದ ಅಡ್ಡಹೆಸರೇ ದಬ್ಬಣ.

"ಗೊತ್ತಿರೋರಾ ಸಾರ್?"

ಮೇಸ್ತ್ರಿ ಆ ಮೂರು ಸಾಲಿನ ಕಡೆ ಬೆರಳು ತೋರಿಸಿದ. "ಇದನ್ನ ತೆಗೆಸೋಕಾಗತ್ತಾ?" ಎಂದ.

"ಆಗದೆ ಏನು! ಲಾಡ್ಜ್ ಮ್ಯಾನೇಜರ್ ಇದನ್ನ ಓದೇ ತಾನೇ ಆರ್ಡರ್ ತಡೆದಿರೋದು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ. ನಮ್ಮ ಕಂಪನಿ ಇರೋದೇ ಆ ದೊಣ್ಣೆ ಹಿಡ್ಕೊಳ್ಳೋಕೆ."

ಲಾಡ್ಜಿನ ಹಾಲ್‌ನಲ್ಲಿರುವ ಅಷ್ಟೂ ಕುರ್ಚಿಗಳ ಕೆಲಸ ಅದು. ಕೈತಪ್ಪಿದರೆ ಶಟರ್ ಎಳೆಯುವುದೊಂದೇ ದಾರಿ ಎಂದು ಹೆಂಡತಿಗೆ ಹೇಳಿಯಾಗಿತ್ತು. ಸುಳ್ಳು ಬರೆದಿದ್ದರೆ ಮೇಸ್ತ್ರಿಗೆ ಸಿಟ್ಟಾದರೂ ಬರುತ್ತಿತ್ತು. ಅಪ್ಪನ ಕಾಲದಲ್ಲಿ ಕೂತವರ ಭಾರ ಹೊರುವ ಒಳಗಿನ ಸೆಣಬಿನ ಪಟ್ಟಿ ಮೊದಲು, ಮೇಲಿನ ಬಟ್ಟೆ ಆಮೇಲೆ. ಇವನು ಈಚೀಚೆಗೆ ಕಣ್ಣಿಗೆ ಕಾಣದ ಕಡೆ ಕೈ ಹಾಕುವುದನ್ನೇ ಬಿಟ್ಟಿದ್ದ. ಇವನು ಹೊದಿಸಿದ ಯಾವುದೋ ಸೋಫಾ ಕುಸಿದು, ಊರಿನ ಆಚೆ ತುದಿಯಲ್ಲಿ ಇದೇ ಕೆಲಸ ಮಾಡಿಕೊಂಡಿರುವ ಅಕ್ಕನ ಕೈ ಸೇರಿರಬೇಕು. ಅಪ್ಪ ಹೋದ ಮೇಲೆ ಅವಳು ಅಂಗಡಿಯಲ್ಲಿ ಪಾಲು ಕೇಳಿದವಳಲ್ಲ. ಬೋರ್ಡಿನಲ್ಲಿ ತನ್ನ ಹೆಸರೂ ಇರಲಿ ಎಂದಿದ್ದಳು, ಅಷ್ಟೇ. "ಮದುವೆ ಆಗಿ ಹೋದೋಳ ಹೆಸರು ಬೋರ್ಡಿಗ್ಯಾಕೆ?" ಎಂದಿದ್ದ ಇವನು. ಕೆಂಪು ದಾರದ ಆ ದಬ್ಬಣವೊಂದನ್ನೇ ಎತ್ತಿಕೊಂಡು ಹೊರಟವಳು ಮತ್ತೆ ಆ ಹೊಸ್ತಿಲು ತುಳಿದಿರಲಿಲ್ಲ.

"ಇವ್ರು ನಿಮ್ಮ ಹತ್ರ ಏನಾದ್ರೂ ಕೆಲಸ ಮಾಡಿಸಿದ್ರಾ ಸಾರ್?"

"ಇಲ್ಲ."

"ಹಾಗಾದ್ರೆ ಸಲೀಸು. ಇಲ್ಲಿ ನೋಡಿ, 'ಈ ವ್ಯಕ್ತಿಯ ಪರಿಚಯ ನಮಗಿಲ್ಲ' ಅಂತಿದೆಯಲ್ಲ, ಅದರ ಮುಂದೆ ಟಿಕ್. ಮಾಲೀಕರೇ ಒತ್ಬೇಕು, ನಾನು ಒತ್ತೋ ಹಾಗಿಲ್ಲ."

"ಒತ್ತಿದ್ದು ಅವ್ರಿಗೆ ಗೊತ್ತಾಗತ್ತಾ?"

"ಇದೇ ಮಾತು ಅವ್ರಿಗೂ ಹೋಗತ್ತೆ. ಪರಿಚಯ ಇದೆ ಅನ್ನೋದಾದ್ರೆ, ಹೇಗೆ ಅಂತ ಒಂದು ವಾರದೊಳಗೆ ಬರೀಬೇಕು. ಫೇಕ್ ಆದ್ರೆ ಬಾಯಿ ಬಿಡಲ್ಲ ಬಿಡಿ."

ಮೇಸ್ತ್ರಿ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಬೆರಳಿಗೆ ಅಂಟಾಗಿದೆ" ಎಂದ. "ಪರವಾಗಿಲ್ಲ ಸಾರ್, ಒತ್ತಿ" ಎಂದಳು ಹುಡುಗಿ. ಒತ್ತಿದ. ಒಡಹುಟ್ಟಿದವಳನ್ನು ಇಲ್ಲವೆನ್ನಲು ಅಷ್ಟು ಹೊತ್ತು ಸಾಕಾಯಿತು.

ಅಂದಿನಿಂದ ಅವನಿಗೆ ಕೆಲಸದ ಮೇಲೆ ಗಮನ ನಿಲ್ಲಲಿಲ್ಲ. ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ತಲೆ ಎತ್ತುವನು. ಮೊದಮೊದಲು ಅದು ಭಯ, ಬರುಬರುತ್ತಾ ಆಸೆಯಾಯಿತು. ಅವಳು ಸುಮ್ಮನಿರುವ ಪೈಕಿಯೇ? "ನಾನವನ ಅಕ್ಕ, ಅವನಿಗೆ ಸೂಜಿ ಹಿಡಿಯೋದು ಕಲಿಸಿದ್ದೇ ನಾನು" ಎಂದು ಎಲ್ಲರೂ ಓದುವಂತೆ ಬರೆಯಲಿ, ಇಲ್ಲವೇ ಖುದ್ದಾಗಿ ಬಂದು ಕೆನ್ನೆಗೆ ಎರಡು ಬಿಗಿಯಲಿ, ಆರ್ಡರ್ ಹಾಳಾಗಿ ಹೋಗಲಿ ಎಂದೂ ಒಂದು ಗಳಿಗೆ ಅನ್ನಿಸಿತು. ಎರಡು ಬಸ್ಸು ಬದಲಿಸಿದರೆ ಅವಳ ಮನೆ. ತಾನೇ ಹೋಗಬಹುದಿತ್ತು. ಹೋಗಲಿಲ್ಲ. ಬದಲಿಗೆ ಒಂದು ಮಧ್ಯಾಹ್ನ ಆ ಬೆತ್ತಲೆ ಕುರ್ಚಿಯನ್ನು ಬೋರಲು ಹಾಕಿ, ಹಳೇ ಪಟ್ಟಿಯನ್ನೆಲ್ಲ ಕಿತ್ತು ಹೊಸದು ಬಿಗಿದ. ಯಾರಿಗೆ ತೋರಿಸಲಿಕ್ಕೆ ಎಂದು ಅವನಿಗೇ ಗೊತ್ತಿರಲಿಲ್ಲ.

ವಾರ ತುಂಬುವ ಮೊದಲೇ ಹುಡುಗಿ ನಗುನಗುತ್ತಾ ಬಂದಳು. "ಕೇಸ್ ಕ್ಲೋಸ್ ಸಾರ್! ರಿವ್ಯೂ ಹೋಯ್ತು. ನಾಳೆಯಿಂದಾನೇ ಕುರ್ಚಿ ಕಳಿಸ್ತಾರಂತೆ ಲಾಡ್ಜಿನೋರು."

"ಅವ್ರು ಏನೂ ಬರೀಲಿಲ್ವಾ?"

"ಬರೆದಿದ್ದಾರೆ! ನಾನೂ ಜಗಳಕ್ಕೇ ಬಂದ್ರು ಅಂದ್ಕೊಂಡೆ. ಇಲ್ಲ, ಒಳ್ಳೇ ಜನ, ಮರುಮಾತಿಲ್ದೆ ಒಪ್ಕೊಂಡಿದ್ದಾರೆ." ಅವಳು ಫೋನ್ ತೆಗೆದು ಓದಿದಳು: "'ಅಂಗಡಿಯವರು ಹೇಳಿದ್ದು ನಿಜ. ಅಲ್ಲಿ ನನಗೆ ಪರಿಚಯದವರು ಯಾರೂ ಇಲ್ಲ.'"

ಮೇಸ್ತ್ರಿ ಕೈ ಚಾಚಿ ಫೋನ್ ಇಸಿದುಕೊಂಡ. ಪುಟ್ಟ ಚಿತ್ರದಲ್ಲಿ ಅದೇ ದಬ್ಬಣವಿತ್ತು. ಬುಡದ ಕೆಂಪು ದಾರವನ್ನು ಯಾರೋ ಬಿಚ್ಚಿ ತೆಗೆದಿದ್ದರು.