ಬೋಳು ಹೊಂಗೆಯ ಚಿತ್ರ

ಕಡಿದು ಬಿದ್ದ ಹೊಂಗೆಯ ಕೊಂಬೆಯಲ್ಲಿ ಎಳೆ ಚಿಗುರು ಮಿರುಗುತ್ತಿತ್ತು. ಆ ಚಿಗುರಿನ ಚಿತ್ರ ಬರೆಯಲೆಂದು ಪೆನ್ಸಿಲ್ ಹಿಡಿದು ಜಯನಗರದ ಮನೆಯಿಂದ ಹೊರಬಂದಿದ್ದ ವತ್ಸಲಾ, ಗರಗಸದವನ ಮೇಲೆ ರೇಗಿದರು. "ಯಾರಪ್ಪ ಕಡಿಯೋಕೆ ಹೇಳಿದ್ದು?"

"ಒಣಗಿದ ಮರ ಅಂತ ಪರ್ಮಿಷನ್ ಇದೆ ಮೇಡಂ. ನೋಡಿ, ಎಕ್ಸ್‌ಪರ್ಟೇ ಬರ್ಕೊಟ್ಟಿದ್ದಾರೆ." ಅವನು ಅರ್ಜಿಗೆ ಲಗತ್ತಿಸಿದ್ದ ಹಾಳೆ ತೋರಿಸಿದ.

ಅದು ವತ್ಸಲಾ ಅವರೇ ಬರೆದಿದ್ದ ಚಿತ್ರ. ಋತುವಿಗೊಂದರಂತೆ ಆ ಮರವನ್ನು ಬರೆಯುತ್ತಿದ್ದ ಅವರಿಂದ, ಮರ ತನ್ನ ಕಾರಿಗೆ ಅಡ್ಡ ಎಂದು ಸದಾ ಗೊಣಗುತ್ತಿದ್ದ ಪಕ್ಕದ ಮನೆಯ ನಂದಕುಮಾರ್, "ಸಖತ್ತಾಗಿದೆ ಮೇಡಂ, ಸೈನ್ ಹಾಕ್ಕೊಡಿ" ಎಂದು ಕೇಳಿ ಪಡೆದದ್ದು.

ಜೆರಾಕ್ಸಿನಲ್ಲಿ ಒಂದೊಂದು ಬೋಳು ರೆಂಬೆಯೂ ಸ್ಪಷ್ಟವಾಗಿ ಮೂಡಿತ್ತು. 'ನಿವೃತ್ತ ಸಸ್ಯಶಾಸ್ತ್ರ ಪ್ರಾಧ್ಯಾಪಕಿ' ಎಂದು ಸೇರಿಸಿದ್ದ ಅವರ ಸಹಿಯೂ ಇತ್ತು. ಅದರ ಕೆಳಗೆ ತಾವೇ ಬರೆದಿದ್ದ 'ಜನವರಿ, ಎಲೆ ಉದುರುವ ಕಾಲ' ಎಂಬ ಸಾಲು ಮಾತ್ರ ಇರಲಿಲ್ಲ.