ಹಸಿರು ಚಿಂದಿಯ ಕ್ಯಾನು

ಕೃಷ್ಣಾಜಿ ತನ್ನ ಗ್ಯಾರೇಜಿಗೆ ಬಂದ ಕಲ್ಮೇಶನ ಹಳೆಯ ಮೋಟಾರ್‌ಸೈಕಲ್ಲಿಗೆ ರೇಸಿನ ಪೆಟ್ರೋಲು ಹಾಕಿಸಿದ. ಹದಿನೈದನೆಯ ದಿನ, ಖಾನಾಪುರದ ರಸ್ತೆಯಲ್ಲಿ, ಗಾಡಿ ಹೊತ್ತಿಕೊಂಡಿತು. ಕಲ್ಮೇಶನ ಎರಡೂ ತೊಡೆಗಳು ಸುಟ್ಟವು.

ಅದಾಗಿ ಐದು ದಿನ. ಬೆಳಿಗ್ಗೆ ಏಳು ಗಂಟೆ. ಆಟೋ ನಗರದ ಆ ಗ್ಯಾರೇಜಿಗೆ ಇನ್ನೂ ಯಾರೂ ಬಂದಿರಲಿಲ್ಲ. ಕೆಲಸದ ಭರಮವ್ವ ಎರಡು ಕ್ಯಾನುಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಳು. ಅವುಗಳ ಕುತ್ತಿಗೆಯ ಗಂಟುಗಳು ಬೆರಳಿಗೆ ಬಗ್ಗಲಿಲ್ಲ. ಕೊನೆಗೆ ಹಲ್ಲು ಹಚ್ಚಿ ಬಿಚ್ಚಿದಳು. ಸೆರಗಿನ ತುದಿಯನ್ನು ಬಿಗಿಯಾಗಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಾಲೀಕನ ಬುಲೆಟ್ಟಿನ ಟ್ಯಾಂಕಿಗೆ ಕ್ಯಾನು ಪೂರ್ತಿ ಸುರಿದು, ಖಾಲಿಯಾದದ್ದನ್ನು ಗಾಡಿಯ ಬದಿಯಲ್ಲೇ ಇಟ್ಟಳು.

ಆ ವರ್ಷ ಬಂಕಿನ ಪೆಟ್ರೋಲಿನಿಂದ ಸೀಸ ತೆಗೆದಿದ್ದರು. ಸೀಸವಿಲ್ಲದಿದ್ದರೆ ಹಳೆಯ ಗಾಡಿಯ ವಾಲ್ವು ಸುಡುತ್ತದೆ ಎಂಬ ಸುದ್ದಿ ಬೆಳಗಾವಿಯ ತುಂಬ ಹಬ್ಬಿತ್ತು. ಮಂದಿಯ ಹೆದರಿಕೆ ಎಂದರೆ ಕೃಷ್ಣಾಜಿಗೆ ಸುಗ್ಗಿ. ಮಣ್ಣಿನ ಹಾದಿಯ ಬೈಕ್ ರೇಸಿಗೆಂದು ತರಿಸಿ ಉಳಿದಿದ್ದ ಡ್ರಮ್ಮುಗಳನ್ನು ಅವನು ತೆರೆದ. ಅದರಲ್ಲಿ ಸ್ಪಿರಿಟ್ಟು ಬೆರೆತಿತ್ತು. ರೇಸಿನ ಎಂಜಿನ್ನಿಗೆ ಅದು ಒಗ್ಗುತ್ತದೆ. ಹಳೆಯ ಗಾಡಿಯ ರಬ್ಬರ್ ಪೈಪನ್ನು ಮಾತ್ರ ನೆನೆದ ಅವಲಕ್ಕಿಯಂತೆ ಮೆತ್ತಗೆ ಮಾಡುತ್ತದೆ; ಒಂದಕ್ಕೆ ವಾರಗಳು ಹಿಡಿದರೆ ಇನ್ನೊಂದಕ್ಕೆ ಗಂಟೆಗಳೇ ಸಾಕು. ಆಮೇಲೆ ಕಾದ ಎಂಜಿನ್ನಿನ ಮೇಲೆ ಪೆಟ್ರೋಲು ಹನಿ ಹನಿಯಾಗಿ ತೊಟ್ಟಿಕ್ಕುತ್ತದೆ. ಯಾರಾದರೂ ಅನುಮಾನಿಸಿದರೆ ಕೃಷ್ಣಾಜಿಯ ಬಳಿ ಒಂದು ಮಾತು ಸಿದ್ಧವಿತ್ತು: "ನನ್ನ ಬುಲೆಟ್ಟೂ ಇದರ ಮ್ಯಾಲೇ ಓಡತದ."

ಓಡುತ್ತಿರಲಿಲ್ಲ. ದಿನಾ ಅದರ ಟ್ಯಾಂಕು ತುಂಬುವವಳು ಭರಮವ್ವ. ಓದು ಬಾರದ ಅವಳಿಗಾಗಿ ಕೃಷ್ಣಾಜಿಯೇ ಕ್ಯಾನುಗಳ ಕುತ್ತಿಗೆಗೆ ಚಿಂದಿ ಕಟ್ಟಿದ್ದ. ಬಂಕಿನ ಪೆಟ್ರೋಲಿಗೆ ಬಿಳಿ, ರೇಸಿನದಕ್ಕೆ ಹಸಿರು. ತನ್ನ ಗಾಡಿಗೆ ಬಿಳಿ, ಮಂದಿಯ ಗಾಡಿಗೆ ಹಸಿರು. ಹಸಿರಿನದು ಮೂಗು ಸುಡುತ್ತಿತ್ತು. ಮೂಗಿಗೆ ಸೆರಗು ಕಟ್ಟಿಕೊಳ್ಳದೆ ಅವಳು ಅದನ್ನು ಎಂದೂ ಸುರಿದವಳಲ್ಲ. ಕಲ್ಮೇಶನ ಟ್ಯಾಂಕಿಗೆ ಸುರಿಯುವಾಗಲೂ ಹಾಗೇ ಕಟ್ಟಿಕೊಂಡಿದ್ದಳು. ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ಕಲ್ಮೇಶ ನಕ್ಕಿದ್ದ. "ಎವ್ವಾ, ಡಾಕೂನಂಗ ಮಾರಿ ಕಟ್ಟಿಯಲ್ಲ, ತಾ ಇಲ್ಲೆ" ಎಂದು ತಾನೇ ಕ್ಯಾನು ಹಿಡಿದಿದ್ದ.

ಒಂಬತ್ತಕ್ಕೆ ಕೃಷ್ಣಾಜಿ ಮಹಡಿಯ ಮನೆಯಿಂದ ಇಳಿದು ಬಂದ.

"ಪೊಲೀಸ್ ಠಾಣೆಯಿಂದ ಫೌಜದಾರ ಬರ್ತಾರ. ಕಾಗದಕ್ಕ ಹೆಬ್ಬಟ್ಟ ಒತ್ತು. ಕಲ್ಮೇಶನ ಗಾಡಿ ಪೈಪಿನ ಕ್ಲಿಪ್ಪ ನಾನ ಸಡಲ ಬಿಟ್ಟಿದ್ದೆ ಅಂತ ನೀ ಒಪ್ಪಿದಂಗ. ಅಷ್ಟ."

"ನಾ ಕ್ಲಿಪ್ಪ ಮುಟ್ಟೇ ಇಲ್ಲಲ್ರೀ ಮಾಲಕ್ರ."

"ಗಾಡಿಗೆ ಎಣ್ಣಿ ಸುರದಾಕಿ ಯಾರು, ನನ್ನ ಹೇಣ್ತಿ ಏನು? ಹಿಂಡಲಗಿ ಜೇಲು ಭಾಳ ದೂರ ಇಲ್ಲ ನೋಡು. ಒತ್ತಿದಿ ಅಂದ್ರ ವಕೀಲನ್ನ ಹಿಡದು ಬಿಡಿಸ್ಕೊಂಡ ಬರ್ತೀನಿ. ಇಲ್ಲಂದ್ರ ಅಲ್ಲೇ ಕೊಳೀತಿ."

ಭರಮವ್ವ ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು. "ಹೂಂ ರೀ" ಎಂದಳು.

ಹತ್ತಕ್ಕೆ ಫೌಜದಾರ ಬಂದ. ಕುರ್ಚಿ ಎಳೆದು ಕೂತು ಕಾಗದ ಓದಿದ. ಅಷ್ಟರಲ್ಲಿ ಕೃಷ್ಣಾಜಿಯ ಮಗಳು ಸಾನಿಕಾ ಜರಿಯ ಲಂಗ ಎತ್ತಿ ಹಿಡಿದು ಬಂದು ಬುಲೆಟ್ಟಿನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟಳು.

"ಬಾಬಾ, ಚಲಾ ನಾ, ಹೋಗೂಣು! ಖಾನಾಪುರದಾಗ ಲಗ್ನ ನಿಶ್ಚಯದ ಸಾಖರಪುಡಾ ಮುಗದ ಹೋಗತದ. ಪೇಢೆನೂ ಉಳಿಯಂಗಿಲ್ಲ."

ಭರಮವ್ವ ಹುಡುಗಿಯನ್ನು ನೋಡಿದಳು. ಟ್ಯಾಂಕು ನೋಡಿದಳು. ಫೌಜದಾರ ಅವಳ ಹೆಬ್ಬೆರಳಿಗೆ ಶಾಯಿ ಬಳಿದ.

"ಒಂದ ಮಾತ ರೀ ಸಾಹೇಬ್ರ" ಎಂದು ಅವಳು ಬೆರಳು ಹಿಂದಕ್ಕೆ ಎಳೆದುಕೊಂಡಳು. "ಎಣ್ಣಿ ಬಗ್ಗೆ ಇದ್ರಾಗ ಏನ ಬರದಾರ್ರೀ?"

"ಎಣ್ಣಿಯೊಳಗ ದೋಷ ಇಲ್ಲ, ನಾನೂ ದಿನಾ ನನ್ನ ಗಾಡಿಗೆ ಅದನ್ನ ಹಾಕತೀನಿ ಅಂತ ನಿಮ್ಮ ಮಾಲಕ್ರು ಕೆಳಗ ಬರದು ಸಹಿ ಮಾಡ್ಯಾರ."

"ಹಂಗಾದ್ರ ಚಲೋ ಆತು ಬಿಡ್ರಿ. ನನಗ ಭಾಳ ಅಂಜಿಕಿ ಆಗಿತ್ತು." ಅವಳು ಗಾಡಿಯ ಬದಿಯ ಖಾಲಿ ಕ್ಯಾನಿನತ್ತ ಕೈ ಮಾಡಿದಳು. ಅದರ ಕುತ್ತಿಗೆಯಲ್ಲಿ ಹಸಿರು ಚಿಂದಿ. "ಇವತ್ತ ಮುಂಜಾನೆ ಮಾಲಕ್ರ ಬುಲೆಟ್ಟಿಗೆ ಅದನ್ನ ತುಂಬೇನ್ರಿ. ಇದರ ಪೈಪಿನ ಕ್ಲಿಪ್ಪ ಮಾತ್ರ ಮಾಲಕ್ರೇ ಬಿಗದದ್ದು."

ಕೃಷ್ಣಾಜಿ ಕ್ಯಾನು ನೋಡಿದ. ಆ ಸುಡುವ ಸಿಹಿ ವಾಸನೆ ಅವನ ಮೂಗಿಗೆ ಬಡಿದಂತಾಯಿತು. ಒಂದೇ ನೆಗೆತಕ್ಕೆ ಹೋಗಿ ಮಗಳ ರಟ್ಟೆ ಹಿಡಿದು ಕೆಳಗೆಳೆದ. ಲಂಗದ ಜರಿ ಪರ್ರನೆ ಹರಿಯಿತು.

"ಯಾಕ್ರೀ ಕೃಷ್ಣಾಜಿ?" ಫೌಜದಾರ ಕುರ್ಚಿಯಿಂದೆದ್ದ. "ಹಚ್ಚರಿ ಗಾಡಿ. ಗೇಟಿನ ತನಕ ಒಂದ ಸುತ್ತ ಹಾಕ್ರಿ, ನಾನೂ ನೋಡತೀನಿ."

"ಸಾಹೇಬ್ರ, ಹಳೇ ಗಾಡಿ ಅದ..."

"ಕಲ್ಮೇಶಂದೂ ಹಳೇ ಗಾಡಿನ. ಕಿಕ್ ಹೊಡೀರಿ."

"ಪೈಪ ಕರಗತದ ರೀ! ಹತ್ತಿ ಉರದ ಬಿಡತದ!"

ತಾನೇನು ಹೇಳಿದೆನೆಂದು ಕೃಷ್ಣಾಜಿಗೆ ಆಮೇಲೆ ತಿಳಿಯಿತು.

"ಕಿಕ್ ಹೊಡೀರಿ ಅಂದೆ."

"ಒಲ್ಲೆ ರೀ. ಬೇಕಾದ್ರ ಬೇಡಿ ಹಾಕ್ರಿ. ಈ ಗಾಡಿ ಮ್ಯಾಲೆ ನಾ ಕಾಲ ಇಡಂಗಿಲ್ಲ."

ಫೌಜದಾರ ಹೆಬ್ಬೆರಳು ಬೀಳದ ಆ ಕಾಗದವನ್ನು ಮಡಚಿ ಕಿಸೆಗೆ ಇಳಿಸಿದ. ಭರಮವ್ವ ಖಾಲಿ ಕ್ಯಾನಿನಿಂದ ಹಸಿರು ಚಿಂದಿ ಬಿಚ್ಚಿದಳು. ಸೆರಗಿನ ಗಂಟಿನೊಳಗಿದ್ದ ಬಿಳಿ ಚಿಂದಿಯನ್ನು ತೆಗೆದು, ಮುಂಜಾನೆ ಏಳರವರೆಗೆ ಅದು ಇದ್ದ ಆ ಖಾಲಿ ಕ್ಯಾನಿನ ಕುತ್ತಿಗೆಗೇ ಮರಳಿ ಕಟ್ಟಿದಳು.